ನಗುನಗುತ್ತಾ ಕಳುಹಿಸಿದ ತಾಯಿ

ನವೆಂಬರ್ ೭, ಶುಕ್ರವಾರ

ನಾಳೆ ಚೌಕದಲ್ಲಿ ತಮ್ಮನ ಪ್ರತಿಮೆಯ ಅನಾವರಣ. ಯುದ್ಧವಿಮಾನದೊಡನೆ ಅವನು ಸಮುದ್ರದ ಮೇಲೆ ಕಣ್ಮರೆಯಾಗಿ ಐವತ್ತು ವರ್ಷಗಳಾದ ಮೇಲೆ ಊರಿಗೆ ಅವನ ನೆನಪಾಗಿದೆ. ನಾನು ಆಡಬೇಕಾದ ಮಾತುಗಳನ್ನು ಸಮಿತಿಯ ಅಧ್ಯಕ್ಷರು ತಾವೇ ಬರೆದು ತಂದಿದ್ದರು: "ನಮ್ಮ ತಾಯಿ ನಗುನಗುತ್ತಾ ಅವನನ್ನು ಯುದ್ಧಕ್ಕೆ ಕಳುಹಿಸಿದರು."

ಅಮ್ಮ ನಗಲಿಲ್ಲ. ರಜೆ ಮೊಟಕುಗೊಳಿಸಿ ಬರಬೇಕೆಂದು ತಂತಿ ಬಂದ ದಿನ ಅವನ ಬೂಟುಗಳನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟು ಬಾಗಿಲಿಗೆ ಅಡ್ಡ ಕುಳಿತಳು. "ಬೂಟಿಲ್ದೆ ಅದ್ಹೇಗೆ ಹೋಗ್ತೀಯೋ, ನಾನೂ ನೋಡ್ತೀನಿ!"

"ವಿಮಾನಕ್ಕೆ ಚಕ್ರ ಇದೆಯಮ್ಮಾ, ಬೂಟ್ಯಾಕೆ?" ಎಂದು ನಕ್ಕು, ಅವಳನ್ನು ದಾಟಿ, ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅಮ್ಮ ತಲೆಯೆತ್ತಿ ನೋಡಲಿಲ್ಲ.

ನಾಳೆ ಇದನ್ನೇ ಹೇಳುತ್ತೇನೆಂದು ಅಧ್ಯಕ್ಷರಿಗೆ ತಿಳಿಸಿದೆ.

"ಅಷ್ಟೆಲ್ಲಾ ನಿಜ ಯಾಕೆ ಟೀಚರ್? ಜನ ಚಪ್ಪಾಳೆ ತಟ್ಟಬೇಕಲ್ವಾ?"

"ಹಾಗಾದರೆ ನಿಮ್ಮ ಮಗನನ್ನು ಕಳಿಸಿ, ನಗುನಗುತ್ತಾ. ಚಪ್ಪಾಳೆ ನಾನು ತಟ್ಟುತ್ತೇನೆ."

ಮುಖ ಊದಿಸಿಕೊಂಡು ಎದ್ದುಹೋದರು. ಸಂಜೆ ಫೋನು ಬಂತು: ನನ್ನ ಬದಲು ಚಿಕ್ಕಪ್ಪನ ಸೊಸೆ ಮಾತನಾಡುವಳಂತೆ. ಅವಳು ತಮ್ಮನನ್ನು ಕಂಡವಳೇ ಅಲ್ಲ. ಚೆನ್ನಾಗಿಯೇ ಅತ್ತಾಳು. ಅಮ್ಮನನ್ನು ಇನ್ನೂ ಚೆನ್ನಾಗಿ ನಗಿಸಿಯಾಳು. ಕಣ್ಣು ಉರಿಯುತ್ತಿದೆ, ಇನ್ನು ಬರೆಯಲು...