ಒಡೆಯುವವಳಿಲ್ಲದ ಮನೆ

ಮಂಗಳವಾರ, ಮಧ್ಯಾಹ್ನ

ನನ್ನ ಮುದ್ದು ಸುತ್ತಿಗೆಗೆ,

ಏಳು ವರ್ಷದ ಮೇಲೆ ಅಕ್ಕನಿಗೆ ಹೇಗಪ್ಪ ನೆನಪಾಯಿತು ಎಂದು ಹುಬ್ಬೇರಿಸಬೇಡ. ಕೆಲಸವಿಲ್ಲದೆ ಕಾಗದ ಬರೆಯುವವಳು ನಾನಲ್ಲ ಎಂಬುದು ನಿನಗೆ ಗೊತ್ತು. ಮೊದಲು ಮನೆಯವರ ಸುದ್ದಿ ಹೇಳಿಬಿಡುತ್ತೇನೆ. ಅಪ್ಪನಿಗೆ ಬಲಗಾಲು ಸ್ವಾಧೀನದಲ್ಲಿಲ್ಲ. ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಅಣ್ಣನ ಕಣ್ಣು ಮಂಜಾಗಿದೆ. ಕನ್ನಡಕ ಹಾಕಿಕೋ ಎಂದರೆ ಮೂಗಿಗೆ ಭಾರ ಎನ್ನುತ್ತಾನೆ. ಅವನು ಅಚ್ಚಿನಿಂದ ತೆಗೆದ ಹತ್ತು ಮಣ್ಣಿನ ದೇವರಲ್ಲಿ ಆರಕ್ಕೆ ಮೂಗೇ ಇರುವುದಿಲ್ಲ.

ಇದನ್ನು ಹೊರಗಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಕಾಗದ ಹರವಲು ಜಾಗವಿಲ್ಲ. ನೀನು ಹೋದ ದಿನದಿಂದ ಈ ಮನೆಯಲ್ಲಿ ಒಂದು ಮೂರ್ತಿಯನ್ನೂ ಯಾರೂ ಒಡೆದಿಲ್ಲ.

ಅಪ್ಪ ನಮಗೆ ಕೆಲಸ ಹಂಚಿದ್ದು ನೆನಪಿದೆಯಲ್ಲ? ಅಣ್ಣನ ಕೈಗೆ ಅಚ್ಚು ಕೊಟ್ಟು ನೀನು ಬ್ರಹ್ಮ ಎಂದ. ನನಗೆ ಒರೆಸುವ ಬಟ್ಟೆ ಕೊಟ್ಟು, ಒಣಗುವವರೆಗೆ, ಬಣ್ಣವಾಗಿ ಅಂಗಡಿಗೆ ಹೋಗುವವರೆಗೆ ಎಲ್ಲವನ್ನೂ ಕಾಯುವ ನೀನು ವಿಷ್ಣು ಎಂದ. ಅಂಬೆಗಾಲು ಬಿಟ್ಟು ಎದ್ದು ನಿಂತಿದ್ದ ನಿನಗೆ ಮರದ ಸುತ್ತಿಗೆ ಕೊಟ್ಟು ನೀನು ಶಿವ ಎಂದ. ಬಿರುಕು ಬಿಟ್ಟದ್ದರ ತಳಕ್ಕೆ ನಾನು ಸೀಮೆಸುಣ್ಣದಲ್ಲಿ ಕತ್ತರಿ ಗುರುತು ಹಾಕಬೇಕು; ಗುರುತಿದ್ದದ್ದನ್ನು ಮಾತ್ರ ನೀನು ಒಡೆದು ನೀರಿನ ತೊಟ್ಟಿಗೆ ಹಾಕಬೇಕು; ನೆನೆದ ಮಣ್ಣು ಮತ್ತೆ ಅಣ್ಣನ ಅಚ್ಚಿಗೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದರೆ ಲೋಕವೇ ನಿಲ್ಲುವುದಿಲ್ಲ ಎನ್ನುವುದು ಅಪ್ಪನ ಸಿದ್ಧಾಂತ. "ಶಿವ ಹಾಳು ಮಾಡೋನಲ್ಲ ಕಣ್ರೋ, ಜಾಗ ಮಾಡೋನು" ಎಂದು ಅಪ್ಪ ಅಂದಾಗಲೆಲ್ಲ ನೀನು ಉಬ್ಬಿಹೋಗುತ್ತಿದ್ದೆ.

ಆ ಮಾತಿನ ಅರ್ಥ ನನಗೆ ಈಗ ಆಗುತ್ತಿದೆ. ಕಿಟಕಿಗೆ ಅಡ್ಡಲಾಗಿ ಮೂರು ಸಾಲು ಮೂರ್ತಿಗಳು ನಿಂತಿವೆ. ಬೆಳಕು ಅವುಗಳ ಕೈಸಂದಿಯಿಂದ ಬರಬೇಕು. ಅಡುಗೆಮನೆಗೆ ಅಡ್ಡಡ್ಡ ನಡೆದು ಹೋಗುತ್ತೇನೆ. ನನ್ನ ಮಂಚದ ಮೇಲೆ ಹದಿನೆಂಟು ಬ್ರಹ್ಮರು, ಅವರಲ್ಲಿ ನಾಲ್ಕೂ ಮುಖ ಸರಿಯಿರುವವನು ಒಬ್ಬನೂ ಇಲ್ಲ. ವಿಷ್ಣುವಿಗೆ ಮಲಗಲು ಹಾವಾದರೂ ಇದೆ, ನನಗೆ ಮೂಟೆ ಕಟ್ಟುವ ಹಲಗೆ. ಅವನು ಆಗಾಗ ಅವತಾರ ಎತ್ತಿಯಾದರೂ ಮನೆಯಿಂದ ಹೊರಗೆ ಹೋಗಿ ಬರುತ್ತಾನೆ. ನನಗೆ ಅದೂ ಇಲ್ಲ. ಒಮ್ಮೊಮ್ಮೆ ಉಸಿರು ಕಟ್ಟುತ್ತದೆ ಕಣೇ, ನಿಜವಾಗಿಯೂ ಕಟ್ಟುತ್ತದೆ.

ಹೋದ ಚಳಿಗಾಲದಲ್ಲಿ ಏಣಿಯಿಂದ ಬಿದ್ದು ಎಡಗೈ ಮುರಿಯಿತು. ಬಸ್ ನಿಲ್ದಾಣದ ಹಿಂದಿನ ಮೂಳೆ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸು ಪ್ಲಾಸ್ಟರ್ ಹಾಕಿದಳು. ನನಗೆ ಸುಮ್ಮನಿರಲು ಆಗುತ್ತದೆಯೇ? ಹಿಟ್ಟಿಗೆ ನೀರು ಹೆಚ್ಚಾಯಿತು ಎಂದೆ. ಅವಳು ನಕ್ಕಳು. ಆರು ವಾರದ ಮೇಲೆ ಅವಳೇ ಅದನ್ನು ಕೊಯ್ದು ತೆಗೆದಳು. ಕಟ್ಟುವವಳೂ ಅವಳೇ, ಕಾಯುವವಳೂ ಅವಳೇ, ಒಡೆಯುವವಳೂ ಅವಳೇ. ಮೂರರಲ್ಲಿ ಯಾವುದು ಕಷ್ಟ ಎಂದು ಕೇಳಿದೆ.

"ತೆಗೆಯೋದನ್ನ ಮರೆತ್ರೆ ಕೈ ಹಾಗೇ ಮರ ಆಗ್ಬಿಡುತ್ತೆ" ಅಂದಳು.

ಮಣ್ಣು ಬಲ್ಲ ಕೈ ಬೇಕಾಗಿದೆ, ಪ್ಲಾಸ್ಟರ್ ಕೆಲಸ ಕಲಿಸಿಕೊಡುತ್ತೇನೆ, ಬರುವ ಸೋಮವಾರದೊಳಗೆ ಬಂದು ಸೇರು ಎಂದು ಈಗ ಅವಳೇ ಹೇಳಿಕಳಿಸಿದ್ದಾಳೆ. ಸೋಮವಾರ ಕಳೆದರೆ ಬೇರೆಯವರಿಗೆ. ನನಗೆ ನಲವತ್ತೆರಡು. ಇನ್ನೊಂದು ಬಾಗಿಲು ತೆರೆಯುತ್ತದೆಂಬ ಭ್ರಮೆ ನನಗಿಲ್ಲ. ಅಪ್ಪನನ್ನು ನೋಡಿಕೊಳ್ಳುತ್ತೇನೆಂದು ಅಣ್ಣ ಒಪ್ಪಿದ್ದಾನೆ. ಅಪ್ಪ ಒಪ್ಪಬೇಕಲ್ಲ! ಕಾಯೋದಕ್ಕೆ ಏನೂ ಉಳಿದಿಲ್ಲ ಅನ್ನುವ ದಿನ ಹೋಗು ಎಂದು ಗೋಡೆಗೆ ತಿರುಗಿ ಮಲಗಿದ. ಒಡೆದುಬಿಡೋಣ ಎಂದು ನಿನ್ನೆ ಒಂದನ್ನು ಅಂಗಳಕ್ಕೆ ಒಯ್ದೆ. ನೆಲಕ್ಕೆ ಅಪ್ಪಳಿಸಲು ಎತ್ತಿದ ಕೈ ಇಳಿಯಲಿಲ್ಲ. ಮೂವತ್ತು ವರ್ಷ ಧೂಳು ಒರೆಸಿದ ಕೈ, ಎತ್ತಿದ್ದನ್ನು ಒರೆಸಿ ಮತ್ತೆ ಒಳಗೇ ಇಟ್ಟಿತು.

ಅದಕ್ಕೇ ನಿನ್ನನ್ನು ಕರೆಯುತ್ತಿದ್ದೇನೆ. ಒಂದೇ ದಿನದ ಮಟ್ಟಿಗೆ ಬಾ.

ಯಾವ ಮುಖ ಇಟ್ಟುಕೊಂಡು ಕರೆಯುತ್ತೀ ಎಂದು ನೀನು ಕೇಳಬಹುದು. ಅಮ್ಮ ಹೋದ ಎಂಟನೆಯ ದಿನ, ಅವಳು ಅಚ್ಚಿಲ್ಲದೆ ಕೈಯಾರೆ ಮಾಡಿದ್ದ ಒಂದೇ ಒಂದು ದೇವಿಯನ್ನು ನೀನು ಒಡೆದೆ. ಅಪ್ಪನ ತ್ರಿಮೂರ್ತಿಗಳ ಮಾತು ಬಂದಾಗಲೆಲ್ಲ ಅಮ್ಮ ಆ ದೇವಿಯ ಕಡೆ ಬೆರಳು ತೋರಿಸಿ, "ಆ ಮೂವರಿಗೂ ಕೈಯಾಡಿಸೋ ಶಕ್ತಿ ಎಲ್ಲಿಂದ ಬಂತು ಅಂತ ನಿಮ್ಮಪ್ಪನ್ನೇ ಕೇಳಿ" ಎನ್ನುತ್ತಿದ್ದಳು. ತಳದಲ್ಲಿ ಗುರುತಿತ್ತು, ಮೂಲೆಯ ಕತ್ತಲಲ್ಲಿ ಮುಖ ನೋಡಲಿಲ್ಲ ಎಂದು ನೀನು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. ಚೂರುಗಳನ್ನೆಲ್ಲ ಕೂಡಿಸಿ ನೋಡಿದ, ಗುರುತು ಸಿಗಲಿಲ್ಲ. ಕಂಡದ್ದನ್ನೆಲ್ಲ ಒಡೆಯೋ ಕೈ ಈ ಮನೆಗೆ ಬೇಡ ಎಂದುಬಿಟ್ಟ. ನೀನು ನನ್ನ ಕಡೆ ನೋಡಿದೆ. ನಾನು ಕಪಾಟು ಒರೆಸುತ್ತಿದ್ದೆ. ಅಂದು ಬಾಯಿ ಬಿಡದೆ ಇದ್ದದ್ದಕ್ಕೆ ಕ್ಷಮೆ ಕೇಳುತ್ತೇನೆ.

ಅಪ್ಪ ಈಚೆಗೆ ನಿನ್ನ ಹೆಸರು ಎತ್ತುವುದಿಲ್ಲ. ಆದರೆ ಅಂಗಳದಲ್ಲಿ ಏನಾದರೂ ಬಿದ್ದು ಸದ್ದಾದರೆ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಾನೆ. ನಿನ್ನ ಸುತ್ತಿಗೆ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ಶನಿವಾರದವರೆಗೆ ದಾರಿ ನೋಡುತ್ತೇನೆ.

ನಿನ್ನ ಅಕ್ಕ,
ಅಲಮಾರಿ
(ಈ ಹೆಸರು ನೀನು ಇಟ್ಟದ್ದೇ, ಎಷ್ಟು ಸರಿಯಾಗಿತ್ತು ನೋಡು)

ಮರೆತ ಮಾತು, ಬುಧವಾರ: ಮರೆತದ್ದೆಂದು ಬರೆದದ್ದೂ ಸುಳ್ಳು. ಇದನ್ನು ಬಿಟ್ಟೇ ಲಕೋಟೆ ಅಂಟಿಸಿದ್ದೆ. ಈಗ ಹರಿದು ಮತ್ತೆ ಬರೆಯುತ್ತಿದ್ದೇನೆ. ಇದರ ಜೊತೆ ಬಟ್ಟೆಯಲ್ಲಿ ಸುತ್ತಿದ ಒಂದು ಚೂರು ಕಳಿಸಿದ್ದೇನೆ. ಅಮ್ಮನ ದೇವಿಯ ತಳ ಅದು. ತಿರುಗಿಸಿ ನೋಡು, ಸೀಮೆಸುಣ್ಣದ ಗುರುತು ಇದೆ. ನಿನ್ನ ಕಣ್ಣು ತಪ್ಪಿರಲಿಲ್ಲ. ದೇವಿಗೆ ಬಿರುಕೂ ಇರಲಿಲ್ಲ. ಅದು ಚಿಕ್ಕವಳಿಗೆ ಎಂದು ಅಮ್ಮ ಕೊನೆಯ ದಿನ ಹೇಳಿದಳು. ಅದರ ಧೂಳು ಒರೆಸಿದವಳು ನಾನು. ಹೊಟ್ಟೆ ಉರಿದು ಗುರುತು ಹಾಕಿದೆ. ಅಪ್ಪ ಬರುವ ಮೊದಲೇ ಈ ಚೂರನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಏಳು ವರ್ಷ ನಾನು ಎಲ್ಲಕ್ಕಿಂತ ಜೋಪಾನವಾಗಿ ಕಾಯ್ದದ್ದು ಇದನ್ನೇ. ಇವತ್ತು ಬೆಳಿಗ್ಗೆ ಅಪ್ಪನಿಗೂ ಹೇಳಿದೆ. ಅವನು ಗೋಡೆಯ ಕಡೆಯಿಂದ ಬಾಗಿಲ ಕಡೆಗೆ ಹೊರಳಿದ. ಇದನ್ನು ಓದಿದ ಮೇಲೆ ನೀನು ಬಾರದಿದ್ದರೆ ತಪ್ಪು ನಿನ್ನದಲ್ಲ. ಭಾನುವಾರ ಬೆಳಿಗ್ಗೆ ಆ ಸುತ್ತಿಗೆಯನ್ನು ಮೊಳೆಯಿಂದ ನಾನೇ ಇಳಿಸುತ್ತೇನೆ.