ಆಮಿ ಮೆಟ್ಟೋದು ಹಾಕ್ರಿ

ಮೂಡಲಗಿ
ಮಂಗಳವಾರ, ೧೨ ಆಗಸ್ಟ್ ೨೦೨೫

ಪ್ರೀತಿಯ ಆದಿನಾಥನಿಗೆ,

ನಿನ್ನ ಜೈ ಜಿನೇಂದ್ರಕ್ಕೆ ಇಲ್ಲಿಂದಲೇ ನನ್ನ ಸಲಾಂ. ಮೌಲಾಬಿಯೂ ಹೇಳಿದ್ದಾಳೆ, ಮಗಳು ಅಲ್ಮಾಸಳೂ ಹೇಳಿದ್ದಾಳೆ. ಪ್ರತಿ ಮಂಗಳವಾರ ನಿನ್ನನ್ನು ನೋಡಲು ಬರುವ ನಾನು ಹುಕ್ಕೇರಿಗೆ ಬಂದು ಇವತ್ತಿಗೆ ಮೂರು ಮಂಗಳವಾರ ಆಯಿತು. ಹೊಳೆ ಏರಿದೆ, ಬಸ್ಸು ಸರಿಯಾಗಿಲ್ಲ ಎಂದು ನಿನ್ನ ಮನೆಯಾಕೆ ಶುಭಾಂಗಿ ವೈನಿಗೆ ಫೋನಿನಲ್ಲಿ ಹೇಳಿದೆನಲ್ಲ, ಅದು ಸುಳ್ಳು. ಬಸ್ಸುಗಳು ಓಡಾಡುತ್ತಲೇ ಇವೆ. ಇಲ್ಲಿಂದ ಗೋಕಾಕ, ಅಲ್ಲಿ ಇಳಿದು ಹುಕ್ಕೇರಿ ಬಸ್ಸು, ಎಂದಿನಂತೆ. ನಾನೇ ಬರಲಿಲ್ಲ. ಸಿಟ್ಟಿತ್ತು. ಯಾರ ಮೇಲೆ ಎಂದು ಈಗಲೇ ಕೇಳಬೇಡ, ನನಗೂ ಸರಿಯಾಗಿ ಗೊತ್ತಿಲ್ಲ.

ಫೋನ್ ಬಿಟ್ಟು ಕಾಗದ ಯಾಕೆ ಎಂದು ನೀನು ನಗಬಹುದು. ಮೊಬೈಲ್ ರಿಪೇರಿ ಮಾಡಿ ಬದುಕುವವನು ಅಂಚೆ ಕಚೇರಿಗೆ ಹೋಗಿ ಕವರು ಕೇಳಿದಾಗ ಅಲ್ಲಿ ಕೂತಿದ್ದ ಹೆಣ್ಣುಮಗಳೂ ನಕ್ಕಳು. ಆದರೆ ಫೋನಿನಲ್ಲಿ ನಮ್ಮಿಬ್ಬರ ಪಾಡೇನು ಎಂದು ನಿನಗೆ ಗೊತ್ತು. ಆ ಕಡೆ ನೀನು ಒಂದು ಮಾತಿಗಾಗಿ ತಡಕಾಡುತ್ತೀ, ಈ ಕಡೆ ನಾನು ಹಾರಾಡುತ್ತೇನೆ, ಕೊನೆಗೆ ವೈನಿ ಫೋನ್ ಕಸಿದುಕೊಂಡು, "ಆಮ್ಯಾಲ ಮಾತಾಡ್ರಿ ಅಣ್ಣಾರ, ಇವರಿಗೆ ದಣಿವಾಗೇತಿ" ಎಂದು ಇಟ್ಟುಬಿಡುತ್ತಾರೆ. ನಿನಗೆ ಮಾತು ಕಲಿಸಲು ಬರುವ ಕಸ್ತೂರಿ ಮೇಡಮ್ ಹೇಳಿದ್ದರು: ಓದುವುದು ನಿಧಾನವಾಗಿದೆ, ಆದರೆ ಓದಿದ್ದು ಕೇಳಿದ್ದು ಎಲ್ಲ ತಿಳಿಯುತ್ತದೆ, ಹೋಗಿರುವುದು ಹೆಸರುಗಳು ಮಾತ್ರ. ಅದಕ್ಕೇ ಅಕ್ಷರ ದಪ್ಪ ಮಾಡಿ ಬರೆಯುತ್ತಿದ್ದೇನೆ. ಕಣ್ಣು ನೊಂದರೆ ವೈನಿಯ ಕೈಗೆ ಕೊಡು, ಓದಿ ಹೇಳಲಿ.

ಹೆಸರುಗಳು ಮಾತ್ರವಂತೆ! ಎಷ್ಟು ಹಗುರಾಗಿ ಹೇಳಿದರು ಆ ಮೇಡಮ್. ಫೆಬ್ರುವರಿಯಲ್ಲಿ ನಿನಗೆ ಲಕ್ವಾ ಹೊಡೆದಾಗ ಬಲಗೈ ಹೋಯಿತು ಎಂದು ನಾವೆಲ್ಲ ಅತ್ತೆವು. ಕೈ ಅರ್ಧಕ್ಕರ್ಧ ವಾಪಸು ಬಂತು. ಚಹಾಕ್ಕೆ ಚಹಾ ಎನ್ನುವುದು ಮಾತ್ರ ಬರಲಿಲ್ಲ. "ಬಿಸಿ... ಕುಡಿಯೂದು... ಬಶಿ" ಎನ್ನುತ್ತೀ. ಕನ್ನಡಕಕ್ಕೆ "ಮೂಗಿನ ಮ್ಯಾಲಿಂದು" ಎನ್ನುತ್ತೀ. ಖರೆ ಹೇಳಲೇ? ಮೊದಮೊದಲು ನನಗೆ ಒಳಗೊಳಗೇ ಜಂಬ ಬಂದಿತ್ತು. ವೈನಿಗೆ ತಿಳಿಯದ್ದು, ನಿನ್ನ ಮಕ್ಕಳಿಗೆ ತಿಳಿಯದ್ದು ನನಗೆ ತಿಳಿಯುತ್ತಿತ್ತು. ಹೆಸರು ಹೇಳದೆ ಕೇಳಿದ್ದನ್ನು ಹಿಡಿಯುವುದರಲ್ಲಿ ನನ್ನಷ್ಟು ಪಳಗಿದವರು ಈ ಮೂರು ತಾಲೂಕಿನಲ್ಲಿ ಯಾರಿದ್ದಾರೆ? ಗೋಕಾಕದ ಆ ಓಣಿಯಲ್ಲಿ ಹನ್ನೆರಡು ವರ್ಷ ನಾವು ಮಾಡಿದ್ದೇ ಅದಲ್ಲವೇ?

ನಮ್ಮ ವಿಡಿಯೋ ಗೇಮ್ ಅಂಗಡಿಗೆ ಬಂದ ಮೊದಲ ಕ್ಯಾಸೆಟ್ಟುಗಳ ಮೇಲೆ ಬರೆದಿದ್ದು ಚೀನಿಯೋ ಜಪಾನಿಯೋ, ನಮಗೂ ಓದಲು ಬರಲಿಲ್ಲ, ಆಡಲು ಬಂದವರಿಗೂ ಬರಲಿಲ್ಲ. ಹೆಸರೇ ಗೊತ್ತಿಲ್ಲದ ಮೇಲೆ ಇಂಥ ಆಟ ಬೇಕು ಎಂದು ಕೇಳುವುದು ಹೇಗೆ? ಕೌಜಲಗಿಯ ಹುಡುಗ ಯಲ್ಲಾರಿ ಒಂದು ದಿನ ಬಂದು, "ಅಣ್ಣಾ, ಆಮಿ ಮೆಟ್ಟೋದು ಹಾಕ್ರಿ" ಎಂದ. ನಾವು ಮುಖ ಮುಖ ನೋಡಿಕೊಂಡೆವು. "ಆಮಿ ಮೆಟ್ಟತಾನಲ್ರೀ, ಅಣಬಿ ತಿಂದು ಎತ್ತರ ಆಗತಾನ, ತಲಿಲೆ ಇಟ್ಟಂಗಿ ಒಡೀತಾನ, ಅವನಂಗ ಜಿಗದ್ ತೋರಸ್ಲೇನು?" ಎಂದು ಜಿಗಿದೇಬಿಟ್ಟ. ನೀನು ತಟ್ಟನೆ ಆ ಕ್ಯಾಸೆಟ್ ತೆಗೆದು ನನ್ನ ಕೈಗಿಟ್ಟೆ. ನಾನು ಎಂದಿನಂತೆ ಧೂಳು ಊದಿ ಹಾಕಿದೆ. ಟಿವಿಯಲ್ಲಿ ಚಿತ್ರ ಬಂದದ್ದೇ ತಡ ಅವನು ಕೂಗಿದ, "ಅದ!"

ಅವತ್ತಿನಿಂದ ನಮ್ಮ ಅಂಗಡಿಯಲ್ಲಿ ಸರಿಯುತ್ತರಕ್ಕೆ ಇದ್ದದ್ದು ಅದೊಂದೇ ಮಾತು, "ಅದ".

ಆಮೇಲೆ ಕೇಳುವುದೇ ಒಂದು ಆಟವಾಯಿತು. ಬೇಕೆಂದೇ ಕಷ್ಟ ಮಾಡಿ ಕೇಳುತ್ತಿದ್ದರು. "ಸೊಸಿ ಸಿಟ್ಟಿಗೆದ್ದು ಮ್ಯಾಲಿಂದ ಭಾಂಡೆ ಒಗ್ಯಾಕತ್ತಾಳ, ಅತ್ತಿ ಕೆಳಗ ಸಾಲಾಗಿ ಹೊಂದಸಾಕತ್ತಾಳ, ಸಾಲು ತುಂಬಿದ್ರ ಭಾಂಡೆ ಮಾಯ, ಅಟ್ಟ ಮುಟ್ಟಿದ್ರ ಅತ್ತಿ ಸೋತ್ಲು." ಇಟ್ಟಂಗಿ ಬೀಳೋದು! "ಒಬ್ಬಾಂವಗ ಗುಳಿಗಿ ತಿನ್ನೂ ಚಟ, ಬೆನ್ನಿಗೆ ನಾಕು ದೆವ್ವ, ದೊಡ್ಡ ಗುಳಿಗಿ ನುಂಗಿದ್ರ ದೆವ್ವಕ್ಕ ಥಂಡಿಜ್ವರ." ಗುಳಗಿ ತಿನ್ನಾಂವ! ಬಾತುಕೋಳಿ ಹೊಡೆಯುವ ಆಟವನ್ನಂತೂ ನೀನು ಕೈಯಿಂದ ಮುಟ್ಟುತ್ತಿರಲಿಲ್ಲ. "ಟಿವಿಯಾಗಿಂದ ಆದ್ರೂ ಅದೂ ಜೀವ ಅಲ್ಲೇನು" ಎಂದು ಗೋಡೆಯ ಕಡೆ ತಿರುಗಿ ಕೂರುತ್ತಿದ್ದೆ. ಗುರಿ ತಪ್ಪಿದಾಗ ಆ ನಾಯಿ ನಗುವ ಸದ್ದಿಗೆ ಮಾತ್ರ ಬೆನ್ನು ಕುಲುಕುತ್ತಿತ್ತು, ನಾನು ನೋಡಿದ್ದೇನೆ.

ಸಾಲೆ ತಪ್ಪಿಸಿ ಬಂದವರನ್ನು ಹೊಸ್ತಿಲಲ್ಲಿ ನಿಂತು ಬೈದು ಕಳಿಸುವುದು ನನ್ನ ಪಾಲಿಗೆ ಬಂದಿತ್ತು. ನಿನಗೆ ಯಾರನ್ನೂ ಬೈಯಲು ಬರುತ್ತಿರಲಿಲ್ಲ. ಅರ್ಧ ತಾಸು ಮುಗಿದರೂ ಏಳದವರಿಗೆ, "ಟೈಮ್ ಆತು, ಏಳು!" ಎಂದು ಕೂಗುವುದೂ ನಾನೇ. ಮಧ್ಯಾಹ್ನ ಯಾರೂ ಇಲ್ಲದಾಗ ನಾವಿಬ್ಬರೇ ಟ್ಯಾಂಕಿನ ಆಟ ಆಡುತ್ತಿದ್ದೆವು, ಇಬ್ಬರೂ ಸೇರಿ ನಡುವಿನ ಹದ್ದನ್ನು ಕಾಯುವುದು. ನೀನು ಮೊದಲನೇ ರಿಮೋಟು, ನಾನು ಯಾವಾಗಲೂ ಎರಡನೇದು. ಅದಕ್ಕೆ ಆಟ ಶುರು ಮಾಡುವ ಗುಂಡಿಯೇ ಇರಲಿಲ್ಲ, ನೀನು ಒತ್ತಿದರೇ ನಾನು ಆಡಬೇಕು. ನನ್ನ ಗುಂಡು ತಪ್ಪಿ ನಿನಗೆ ಬಡಿದರೆ ನಿನ್ನ ಟ್ಯಾಂಕು ಸಾಯುತ್ತಿರಲಿಲ್ಲ, ಸ್ವಲ್ಪ ಹೊತ್ತು ಮಿಣಮಿಣ ಎನ್ನುತ್ತ ನಿಂತಲ್ಲೇ ನಿಲ್ಲುತ್ತಿತ್ತು. "ಕಣ್ಣ್ ಕಾಣಂಗಿಲ್ಲೇನ್ ಮಳ್ಳ?" ಎಂದು ನೀನು ನಗುತ್ತಿದ್ದೆ.

ಇಷ್ಟೆಲ್ಲ ಯಾಕೆ ಬರೆದೆ ಎಂದರೆ, ಇಂಥ ನಾನು ಕೊನೆಯ ಸಲ ಬಂದ ಆ ಮಂಗಳವಾರ ನಿನ್ನೆದುರು ಸೋತೆ. ಅದೇ ನನಗೆ ನುಂಗಲಾಗದ್ದು.

ನಾನು ಬಂದು ಕೂತ ಕೂಡಲೇ ನೀನು ಹೇಳಲು ಶುರು ಮಾಡಿದೆ. "ಊದತಾನ" ಎಂದೆ. ಕೆನ್ನೆ ಉಬ್ಬಿಸಿ ತೋರಿಸಿದೆ. ನಾನು ಉತ್ಸಾಹದಿಂದಲೇ ಹಿಡಿದೆ: ಕಂಡಕ್ಟರನ ಸೀಟಿಯೇ? ಅಲ್ಲ. ಶಹನಾಯಿಯವನೇ? ಅಲ್ಲ. ಫುಗ್ಗಾ ಮಾರುವವನೇ? ದವಾಖಾನೆಯಲ್ಲಿ ಊದಲು ಕೊಟ್ಟಿದ್ದ ಆ ಮೂರು ಚೆಂಡಿನ ಡಬ್ಬಿಯೇ? ನೀನು ಎಡಗೈಯಿಂದ ಮೊಣಕಾಲು ಬಡಿದುಕೊಂಡು, "ಸಿಟ್ಟು... ಸಿಟ್ಟು" ಎಂದೆ. ಯಾರಿಗೆ ಸಿಟ್ಟು? "ಬಾಗಲಾ" ಎಂದೆ. ನಾನು ಎದ್ದು ಹೋಗಿ ಬಾಗಿಲು ಹಾಕಿದೆ. ನೀನು ಅಲ್ಲವೆಂದೆ. ನಾನು ತೆಗೆದೆ. ಅದೂ ಅಲ್ಲವೆಂದೆ ನೀನು. "ಎರಡನೇದು" ಎಂದೆ. ಎರಡನೇ ಗುಳಿಗೆಯೇ? ಎರಡನೇ ಮಗ ಶ್ರೇಣಿಕ ಏನಾದರೂ ಅಂದನೇ? ನೀನು ನನ್ನ ಎದೆಯ ಕಡೆ ಬೆರಳು ಮಾಡಿದೆ. ಅಂಗಿಯ ಕಿಸೆಯಲ್ಲಿದ್ದ ಪೆನ್ನು ತೆಗೆದು ಕೊಟ್ಟೆ. ನೀನು ಅದನ್ನು ಬೀಸಿ ಒಗೆದೆ.

ಚಾತುರ್ಮಾಸವಲ್ಲವೇ, ಹೊತ್ತು ಮುಳುಗುವ ಮೊದಲು ನಿನಗೆ ಉಣ್ಣಿಸಬೇಕೆಂದು ವೈನಿ ತಾಟು ಹಿಡಿದು ನಿಂತಿದ್ದರು. ನೀನು ಉಣ್ಣಲೂ ಒಲ್ಲೆ, ಹೇಳುವುದನ್ನು ಬಿಡಲೂ ಒಲ್ಲೆ. ಮತ್ತೆ "ಊದತಾನ". ಮತ್ತೆ "ಎರಡನೇದು". ನಿನ್ನ ಕಣ್ಣಲ್ಲಿ ನೀರು ಬಂತು. ನಾನು ಅದನ್ನೂ ಹಠವೆಂದುಕೊಂಡೆ. ಆಮೇಲೆ ನಾನು ಏನೆಂದೆ ಎಂಬುದು ನಿನಗೆ ಗೊತ್ತು. "ನಿನಗೂ ತಿಳೀವಲ್ದು, ನನಗೂ ತಿಳೀವಲ್ದು. ಸಾಕು! ಟೈಮ್ ಆತು ನಿಂದು!" ಎಂದು ಕೂಗಿ ಎದ್ದೆ. ಲಕ್ವಾ ಹೊಡೆದು ಕೂತವನಿಗೆ ಹೇಳುವ ಮಾತೇ ಅದು? ಗೋಕಾಕ ಬರುವವರೆಗೂ ಬಸ್ಸಿನಲ್ಲಿ ನಿನ್ನನ್ನೇ ಬೈಯುತ್ತ ಬಂದೆ. ಗೋಕಾಕದಲ್ಲಿ ಬಸ್ಸು ಬದಲಿಸಿದ ಮೇಲೆ ನನ್ನನ್ನು ಬೈದುಕೊಂಡೆ.

ಮನೆಯಲ್ಲಿ ಇನ್ನೊಂದು ತಮಾಷೆಯಾಯಿತು. ನನ್ನ ಮುಖ ನೋಡಲಾರದೆ ಅಲ್ಮಾಸ ತನ್ನ ಫೋನಿನಲ್ಲಿ ಒಂದು ಆಟ ತೆಗೆದಳು. ಅದರಲ್ಲಿ ಆಟವನ್ನು ಚೇಷ್ಟೆಯಾಗಿ ವರ್ಣಿಸಿರುತ್ತಾರೆ, ಯಾವ ಆಟ ಎಂದು ನಾವು ಹೇಳಬೇಕು. ನೋಡು, ಈಗಿನವರು ನಮ್ಮ ಅಂಗಡಿಯ ಕಸುಬನ್ನೇ ಫೋನಿನಲ್ಲಿ ಹಾಕಿದ್ದಾರೆ! ಅವಳು ಕನ್ನಡ ಮಾಡಿ ಓದುತ್ತಾ ಹೋದಳು, ನಾನು ಅರ್ಧ ಮಾತಿಗೇ ಹಿಡಿದೆ. ಆಮಿ ಮೆಟ್ಟೋದು. ಗುಳಗಿ ತಿನ್ನಾಂವ. ರಸ್ತೆ ದಾಟೋ ಕಪ್ಪಿ. ಹದ್ದು ಕಾಯೋದು. ಒಂದನ್ನೂ ಬಿಡಲಿಲ್ಲ. ಕೊನೆಗೆ ಫೋನು ಕೊಟ್ಟ ಅಂಕ ಸೊನ್ನೆ. "ಅಬ್ಬಾಜಾನ್, ಅದರ ಹೆಸರು ಹೇಳ್ರಿ. ನೀವೂ ವರ್ಣನಾನ ಮಾಡಾಕತ್ತೀರಲ್ಲ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಹೆಸರಿಗೇನು ಬೆಂಕಿ ಬಿತ್ತು? ಆ ಆಟಗಳ ಹುಟ್ಟು ಸಾವು ಎಲ್ಲ ನನಗೆ ಗೊತ್ತು, ಯಾವ ಇಟ್ಟಂಗಿಯೊಳಗೆ ಅಣಬೆ ಇದೆ ಎಂದು ಇವತ್ತಿಗೂ ಹೇಳುತ್ತೇನೆ. ಹೆಸರು ಗೊತ್ತಿಲ್ಲ ಎಂದ ಮಾತ್ರಕ್ಕೆ ಸೊನ್ನೆಯೇ?

ಅಲ್ಮಾಸಳ ಮೇಲೆ ಹೀಗೆ ರೇಗಿದ ಮೇಲೆ ನಿನ್ನ ನೆನಪಾಯಿತು. ಕಸ್ತೂರಿ ಮೇಡಮ್ ಚಿತ್ರದ ಕಾರ್ಡು ಹಿಡಿದು ಹೆಸರು ಕೇಳಿದಾಗ ನಿನಗೂ ಹೀಗೇ ಆಗುತ್ತಿರಬೇಕು. ಆದರೂ ಆದಿನಾಥ, ಅವತ್ತಿನ ಉತ್ತರ ನನಗೆ ಬೇಕು. ಮೂರು ವಾರದಿಂದ ಫೋನಿನ ಸ್ಕ್ರೂ ಬಿಚ್ಚುವಾಗಲೂ ಅದೇ ಯೋಚನೆ. ಊದುವವನು, ಸಿಟ್ಟು, ಬಾಗಿಲು, ಎರಡನೇದು. ನಿನಗೇನೋ ಬೇಕಾಗಿತ್ತು, ತಂದುಕೊಡಲು ನನ್ನಿಂದ ಆಗಲಿಲ್ಲ. ಇದೊಂದನ್ನು ನೀನು ಬೇರೆ ಯಾರಿಂದಲಾದರೂ ತಿಳಿಸಿದರೆ ನನ್ನ ತಲೆ ತಣ್ಣಗಾದೀತು.

ಕೈಗೆ ಎಣ್ಣೆ ತಿಕ್ಕುವುದು ಬಿಡಬೇಡ. ವೈನಿಯ ಮೇಲೆ ರೇಗಬೇಡ, ರೇಗಲು ನಾನಿದ್ದೇನೆ. ಮಕ್ಕಳಿಗೆ ನನ್ನ ದುವಾ. ಅಲ್ಲಾಹನೂ ನಿನ್ನ ಜಿನದೇವನೂ ಕೂಡಿ ನಿನ್ನ ಮಾತುಗಳನ್ನು ಒಂದೊಂದಾಗಿ ಮನೆಗೆ ಕಳಿಸಲಿ.

ನಿನ್ನ ಗೆಳೆಯ,
ಗಫಾರ

ತಾ.ಕ.: ಬುಧವಾರ ಬೆಳಿಗ್ಗೆ. ಕವರಿಗೆ ಅಂಟು ಹಚ್ಚುವ ಮೊದಲು ಮೌಲಾಬಿಗೆ ಇದನ್ನು ಓದಿ ತೋರಿಸಿದೆ. ಅವಳು ಶೇಂಗಾ ಒಡೆಯುತ್ತ ಕೇಳಿದಳು. ಮುಗಿದ ಮೇಲೆ ನನ್ನನ್ನೇ ನೋಡಿದಳು. "ಕ್ಯಾಸೆಟ್ ಊದಾಂವ ಯಾರು? ಬಾಗಲದಾಗ ನಿಂತು ಸಿಟ್ಟ್ ಮಾಡಾಂವ ಯಾರು? ಎರಡನೇ ರಿಮೋಟ ಯಾರ ಕೈಯಾಗಿತ್ತು? ಎಲ್ಲಾ ನೀವ ಬರದೀರಿ, ನಿಮಗ ತಿಳೀಲಿಲ್ಲೇನ್ರೀ? ಅವರು ನಿಮ್ಮ ಹೆಸರು ಹುಡುಕಾಕತ್ತಿದ್ರು" ಎಂದಳು.

ಉತ್ತರ ಈ ಕಾಗದದ ಮೇಲೆಯೇ ಇದೆ, ಸಹಿ ಮಾಡಿದ ಜಾಗದಲ್ಲಿ. ಬರೆದವನಿಗೇ ಕಾಣಲಿಲ್ಲ. ಸಾಲೆಯ ಒಂದನೇ ಇಯತ್ತೆಯಿಂದ ನೀನು ಕೂಗಿದ ಹೆಸರು ನಿನ್ನ ಬಾಯಿಂದ ಹೋಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಅದನ್ನು ಹುಡುಕಿಕೊಡು ಎಂದು ನೀನು ನನ್ನನ್ನೇ ಕೇಳಿದೆ. ನಾನು ಶಹನಾಯಿ ಎಂದೆ, ಫುಗ್ಗಾ ಎಂದೆ, ಎದೆಗೆ ಬೆರಳು ಮಾಡಿದರೆ ಪೆನ್ನು ಕೊಟ್ಟೆ. ಆಮೇಲೆ ಟೈಮ್ ಆತು ಎಂದೆ.

ಬರುವ ಮಂಗಳವಾರ ಮೊದಲನೇ ಬಸ್ಸಿಗೇ ಬರುತ್ತೇನೆ. ನಿನ್ನ ಬಾಗಿಲಲ್ಲಿ ನಿಂತು ಕೆನ್ನೆ ಉಬ್ಬಿಸಿ ಊದುತ್ತೇನೆ. ಹೆಸರು ಬರದಿದ್ದರೆ ಬೇಡ, ಹುಡುಕಿ ದಣಿಯಬೇಡ. "ಅದ" ಅನ್ನು, ಸಾಕು.