ಜಾವಾ ಮನೆ ಬದಲಾಯಿಸಿದ್ದು

ಹೊಸ ಬಾಡಿಗೆ ಮನೆ,
ಭಾನುವಾರ, ಜೂನ್ ೮

ನನ್ನ ಗುಬ್ಬೀ,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನೀನು ರಜೆಗೆ ಬಂದು ನಮ್ಮ ಹಳೆಯ ಮನೆಯ ಬಾಗಿಲು ಬಡಿಯುತ್ತಿದ್ದೀಯ. ಒಳಗಿಂದ ಯಾರೋ "ಅಂಥೋರು ಇಲ್ಲಿಲ್ಲ" ಎನ್ನುತ್ತಾರೆ. ನಾನು ಈ ಮನೆಯ ಕಿಟಕಿಯಿಂದ ಕೂಗುತ್ತೇನೆ, ನಿನಗೆ ಕೇಳುವುದೇ ಇಲ್ಲ. "ನಿಮ್ಮ ಕನಸಿಗೂ ಬೇರೆ ಕೆಲಸ ಇಲ್ವಾ? ಎದ್ದು ಮುಖ ತೊಳ್ಕೊಳ್ಳಿ" ಎಂದು ನಿನ್ನಮ್ಮ ಬೈದಳು. ಹೇಗಿದ್ದೀಯಾ ಮಗಳೇ? ಆ ಹವಾಮಾನ ಕೇಂದ್ರದ ಗಾಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಅಲ್ಲಿ ಫೋನೂ ಸಿಗದು, ಕೇಳೋಣವೆಂದರೆ.

ಕಂಪ್ಯೂಟರಿನ ಕಥೆ ಕೇಳು. ರಿಪೇರಿಯವನು ಹಳೆಯ ಜಾವಾ ತೆಗೆದು ಹೊಸದು ಹಾಕಿ ಹೋದ. ಅಂದಿನಿಂದ, ನೀನು ಹಾಕಿಕೊಟ್ಟ ಲಿನಕ್ಸ್‌ನಲ್ಲಿ ಆ ಜಾವಾ ಇದ್ದರೇ ಓಡುವ ಕಸೂತಿಯ ಪ್ರೋಗ್ರಾಂ ಏಳಲೇ ಇಲ್ಲ. ಕಸೂತಿಗೆಂದು ನನ್ನ ಹತ್ತಿರ ಬಂದ ಶಾಲೆಯ ಅಂಗಿಗಳು ಲಾಂಛನವಿಲ್ಲದೆ ರಾಶಿ ಬಿದ್ದವು. ನೀನು ಬರೆದಿದ್ದೆಯಲ್ಲ, "ಅಪ್ಪಾ, ಜಾವಾ ಬೇರೆ ಫೋಲ್ಡರಲ್ಲಿದೆ, ಪ್ರೋಗ್ರಾಂ ಹಳೇ ಕಡೇನೇ ಹುಡುಕ್ತಿದೆ. ಜಾವಾ ಹೋಮ್ ಅನ್ನೋ ವೇರಿಯಬಲ್‌ಗೆ ಹೊಸ ಜಾಗ ಹೇಳು ಸಾಕು" ಎಂದು. ಶಾಲೆಯನ್ನು ಅರ್ಧಕ್ಕೆ ಬಿಟ್ಟವನು ನಾನು. ನೀನು ಕಾಗದದಲ್ಲಿ ಬರೆದುಕೊಟ್ಟ ಇಂಗ್ಲಿಷ್ ಸಾಲನ್ನು, ಆಜ್ಞೆ ಬರೆಯುವ ಆ ಕಪ್ಪು ಟರ್ಮಿನಲ್ ಕಿಟಕಿಯಲ್ಲಿ, ಹೊಲಿಗೆ ಹಾಕಿದಂತೆ ಒಂದೊಂದೇ ಅಕ್ಷರ ಒತ್ತಿದೆ. ಎದ್ದಿತು! ಆದರೆ ಟರ್ಮಿನಲ್ ಮುಚ್ಚಿದರೆ ಮತ್ತೆ ಎಲ್ಲ ಮರೆವು. ಅದಕ್ಕೇ ಮುಚ್ಚದೆ, ಕರೆಂಟ್ ಎಲ್ಲಿ ಹೋದೀತೋ ಎಂದು ಜೀವ ಕೈಯಲ್ಲಿ ಹಿಡಿದು ಕಾದಿದ್ದೇನೆ. "ಮಗಳು ಹೊರಟಾಗ್ಲೂ ಹೀಗೆ ಕಾವಲು ಕೂತಿರ್ಲಿಲ್ಲ" ಎಂದು ನಿನ್ನಮ್ಮ ಹಂಗಿಸುತ್ತಾಳೆ. ಅವಳಿಗೇನು ಗೊತ್ತು? ಪ್ರೋಗ್ರಾಂ ತೆರೆದೊಡನೆ ಮೊದಲು ಕಾಣುವುದು ನೀನು ಮಾಡಿಟ್ಟ ಆ ಸೊಟ್ಟ ಕೊಕ್ಕಿನ ಹಕ್ಕಿ. ಅದನ್ನು ನೋಡದೆ ನನಗೆ ಕಾಫಿ ಇಳಿಯುವುದಿಲ್ಲ.

ಟರ್ಮಿನಲ್ ತೆರೆದಾಗಲೆಲ್ಲ ತಾನೇ ಓದಿಕೊಳ್ಳುವ ಫೈಲಿನ ಬಗ್ಗೆಯೂ ಹೇಳಿದ್ದೆಯಲ್ಲ, ಅದರ ಕೊನೆಯಲ್ಲಿ ಇವತ್ತು ಆ ಸಾಲನ್ನು ಬರೆದಿಟ್ಟೆ. ಮುಚ್ಚಿ ನೋಡಲು ಮಾತ್ರ ಕೈ ಬರುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಕಿವಿ ಮುಚ್ಚಿಕೊಂಡೇ ಹೊರಗೆ ಹೋಗು. ನಮ್ಮಿಬ್ಬರ ಆಯಸ್ಸೂ ನಿನಗಿರಲಿ.

ನಿನ್ನ
ಅಪ್ಪ

ತಡಿ, ಇನ್ನೊಂದು. ಕಣ್ಣು ಮುಚ್ಚಿಕೊಂಡು ಟರ್ಮಿನಲ್ ಮುಚ್ಚಿ, ಮತ್ತೆ ತೆರೆದು ಪ್ರೋಗ್ರಾಂ ಎಬ್ಬಿಸಿದೆ. ಹಕ್ಕಿ ಬಂತು ಮಗಳೇ! ಆದರೆ ನಿನ್ನ ಈಚಿನ ಕಾಗದ ಹಳೆಯ ಮನೆಗೇ ಹೋಗಿತ್ತು. ಪಾಪ, ಅಂಚೆಯವನು ಹುಡುಕಿ ತಂದುಕೊಟ್ಟ. ರಜೆಗೆ ಹೊರಡುವ ಮುಂಚೆ ನಿನ್ನ ಹತ್ತಿರವಿರುವ ವಿಳಾಸ ಇನ್ನೊಮ್ಮೆ ನೋಡು. ಬೇಕರಿಯ ಹಿಂದಿನ ಮೆಟ್ಟಿಲು, ಹಸಿರು ಬಾಗಿಲು. ಹಳೆಯದಿದ್ದರೆ ಈಗಲೇ ಹೊಡೆದುಹಾಕು.